ಬಿಳಿಯ ಕಾಗೆಯ ಸಾಕ್ಷ್ಯ

ಲೋಕದಲ್ಲಿ ಎಂದಿಗೂ ಇಲ್ಲದ ವಸ್ತುವನ್ನು ಸೂಚಿಸಬೇಕಾದಾಗ ನಮ್ಮ ಶಾಸ್ತ್ರಕಾರರು ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಎಂಬ ದೃಷ್ಟಾಂತಗಳನ್ನು ಕೊಡುವರು. ಶಾಸ್ತ್ರವನ್ನು ಓದದ ಮನೆಗಳಲ್ಲಿ ಇದೇ ಪಂಕ್ತಿಗೆ ಸೇರಿದ ಇನ್ನೊಂದು ವಸ್ತುವುಂಟು. ಅದೇ ಬಿಳಿಯ ಕಾಗೆ. ಕಾಗೆ ಮಿಂದರೆ ಬೆಳ್ಳಗಾದೀತೆ ಎಂದು ಮನೆಯ ಹಿರಿಯರು ಕೇಳುವಾಗ ಆಗದೆಂಬ ಉತ್ತರವು ಆ ಪ್ರಶ್ನೆಯಲ್ಲಿಯೇ ಅಡಗಿರುವುದು. ಆದರೆ ಮೊಲದ ಕೊಂಬಿಗೂ ಬಿಳಿಯ ಕಾಗೆಗೂ ಒಂದು ದೊಡ್ಡ ಭೇದವಿದೆ. ಮೊದಲನೆಯದು ಇಲ್ಲವೇ ಇಲ್ಲ. ಎರಡನೆಯದು ಅತ್ಯಂತ ವಿರಳವಾದರೂ ಇದೆ. ಇಲ್ಲದುದಕ್ಕೂ ವಿರಳವಾದುದಕ್ಕೂ ನಡುವೆ ಇರುವ ಈ ಅಂತರವನ್ನು ಮರೆತರೆ ಜ್ಞಾನಕ್ಕೆ ಮಾತ್ರವಲ್ಲದೆ ಮನುಷ್ಯರಿಗೂ ಅನ್ಯಾಯವಾಗುವುದುಂಟು. ಈ ಸಂಗತಿಯನ್ನು ಎರಡು ಹಳೆಯ ಬರಹಗಳ ಆಧಾರದಿಂದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಮೊದಲನೆಯ ಬರಹವು ಆಗ್ರಾದ ಸಿಂಹಾಸನದಲ್ಲಿ ಕುಳಿತ ಒಬ್ಬ ಬಾದಷಹನದು. ಎರಡನೆಯದು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿದ್ದ ಒಬ್ಬ ಪಾದ್ರಿಯದು.

ತರ್ಕಸಂಗ್ರಹವನ್ನು ಓದಿದವರಿಗೆಲ್ಲ ವ್ಯಾಪ್ತಿಯೆಂಬುದು ಪರಿಚಿತವಾದ ವಿಷಯ. ಅಡಿಗೆಯ ಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಅನೇಕಾವರ್ತಿ ಕಂಡು, ಹೊಗೆ ಎಲ್ಲೆಲ್ಲಿರುವುದೋ ಅಲ್ಲೆಲ್ಲ ಬೆಂಕಿಯಿರುವುದೆಂದು ನಿಶ್ಚಯಿಸುವೆವು. ಇದೇ ಕ್ರಮದಿಂದ, ಹುಟ್ಟಿದಂದಿನಿಂದ ಕರಿಯ ಕಾಗೆಗಳನ್ನೇ ಕಾಣುತ್ತ ಬಂದ ನಾವು, ಕಾಗೆಯ ಜಾತಿಯೆಲ್ಲವೂ ಕಪ್ಪೆಂದು ನಿಶ್ಚಯಿಸಿಬಿಡುವೆವು. ಆದರೆ ಈ ಎರಡು ನಿಶ್ಚಯಗಳು ಸಮಾನವಲ್ಲ. ಬೆಂಕಿಯು ಹೊಗೆಗೆ ಕಾರಣವಾಗಿದೆ. ಕಾಗೆತನಕ್ಕೆ ಕಪ್ಪು ಕಾರಣವಲ್ಲ. ಒಂದೇ ಒಂದು ಬಿಳಿಯ ಕಾಗೆಯು ಪ್ರತ್ಯಕ್ಷವಾದರೆ ಸಾಕು, ವ್ಯಭಿಚಾರದೋಷವು ಬಂದು ಆ ವ್ಯಾಪ್ತಿಯು ಕುಸಿದುಬೀಳುವುದು. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸನು 1896ರಲ್ಲಿ ಮಾಡಿದ ಒಂದು ಭಾಷಣದಲ್ಲಿ ಈ ಮಾತನ್ನೇ ಹೇಳಿರುವನು. ಆದರೆ ತತ್ತ್ವಜ್ಞಾನಿಗಳಿಗೆ ಬಿಳಿಯ ಕಾಗೆಯು ಒಂದು ದೃಷ್ಟಾಂತ ಮಾತ್ರ. ಅದನ್ನು ನೋಡುವುದಕ್ಕಾಗಿ ಅವರು ಮರದ ಕೆಳಗೆ ನಿಲ್ಲಬೇಕಾಗಿಲ್ಲ. ನಿಂತು ನೋಡಿದವರ ಕಥೆಯೇ ಬೇರೆ.

ಪಾಶ್ಚಾತ್ಯರ ಪುರಾಣದಲ್ಲಿ ಕಾಗೆಯು ಮೊದಲು ಬಿಳುಪಾಗಿದ್ದಿತೆಂಬ ಕಥೆಯಿದೆ. ರೋಮನ್ ಕವಿ ಓವಿಡ್ಡನ ಕಾವ್ಯದಲ್ಲಿ ಅದು ಬಂದಿದೆ. ಅಪೊಲೋ ದೇವನ ಪ್ರಿಯೆಯು ಅನ್ಯನಲ್ಲಿ ಅನುರಕ್ತಳಾದುದನ್ನು ಅವನ ಪಕ್ಷಿಯಾದ ಕಾಗೆಯು ಕಂಡು ಒಡೆಯನಿಗೆ ತಿಳಿಸಿತು. ದೇವನು ಕೋಪದಿಂದ ಆಕೆಯನ್ನು ಕೊಂದು, ಆಮೇಲೆ ಪಶ್ಚಾತ್ತಾಪಪಟ್ಟು, ಸುದ್ದಿಯನ್ನು ತಂದ ಕಾಗೆಯನ್ನು ಕಪ್ಪಾಗಿಸಿದನು. ಕಾಗೆಯು ಸುಳ್ಳು ಹೇಳಿದುದಕ್ಕಾಗಿ ಕಪ್ಪಾಗಲಿಲ್ಲ, ಕಂಡುದನ್ನು ಕಂಡಂತೆ ಹೇಳಿದುದಕ್ಕಾಗಿ ಕಪ್ಪಾಯಿತೆಂಬುದನ್ನು ವಾಚಕರು ಗಮನಿಸಬೇಕು. ಇನ್ನೊಬ್ಬ ರೋಮನ್ ಕವಿ ಜುವೆನಲ್ಲನು ಅದೃಷ್ಟವಂತನಾದ ಮನುಷ್ಯನು ಬಿಳಿಯ ಕಾಗೆಗಿಂತಲೂ ವಿರಳನೆಂದು ಹಾಸ್ಯ ಮಾಡಿರುವನು. ಇವರಿಬ್ಬರಿಗಿಂತಲೂ ಬಹು ಹಿಂದೆ, ಗ್ರೀಕರ ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರದಲ್ಲಿ, ಚಳಿಯು ಹೆಚ್ಚಾದಾಗ ಕಾಗೆ ಗುಬ್ಬಿ ಮೊದಲಾದ ಹಕ್ಕಿಗಳು ಬಿಳುಪಾಗುವುದುಂಟೆಂದು ಬರೆದಿಟ್ಟನು. ಕಾರಣವನ್ನು ಹೇಳುವುದರಲ್ಲಿ ಅವನು ತಪ್ಪಿದನು. ಆದರೆ ಬಿಳಿಯ ಕಾಗೆ, ಬಿಳಿಯ ಗುಬ್ಬಿಗಳು ಇರುವುವೆಂಬ ವಾರ್ತೆಯು ಅವನ ಕಿವಿಗೆ ಬಿದ್ದಿದ್ದಿತು, ಅದನ್ನು ಅವನು ತಳ್ಳಿಹಾಕಲಿಲ್ಲ.

ಈಗ ನಮ್ಮ ದೇಶದ ಬರಹಕ್ಕೆ ಬರೋಣ. ಮೊಗಲ ಬಾದಷಹ ಜಹಾಂಗೀರನು 1605ರಿಂದ 1627ರ ವರೆಗೆ ಆಳಿದನು. ಅವನ ಮದ್ಯಪಾನವನ್ನೂ ಕೋಪವನ್ನೂ ಚರಿತ್ರಕಾರರು ಸಾಕಷ್ಟು ವರ್ಣಿಸಿರುವರು. ಆದರೆ ಪ್ರಾಣಿಪಕ್ಷಿಗಳನ್ನು ನೋಡುವುದರಲ್ಲಿ ಅವನ ಕಣ್ಣು ಎಷ್ಟು ಸೂಕ್ಷ್ಮವಾಗಿದ್ದಿತೆಂಬುದು ಅವನೇ ಪಾರಸಿಯಲ್ಲಿ ಬರೆದ ಆತ್ಮವೃತ್ತಾಂತದಿಂದ ತಿಳಿಯುವುದು. ಸಾಕಿದ ಸಾರಸಪಕ್ಷಿಗಳ ಜೋಡಿಯು ಮೊಟ್ಟೆಯಿಟ್ಟು ಕಾವು ಕೊಟ್ಟ ಬಗೆಯನ್ನು ಅವನು ಹತ್ತಿರದಿಂದ ನೋಡಿ ಬರೆದನು. ಹೊಸ ಪ್ರಾಣಿಯು ಬಂದರೆ ಅದನ್ನು ತೂಗಿಸಿ, ಅಳತೆ ಮಾಡಿಸಿ, ಮನ್ಸೂರನಂತಹ ಚಿತ್ರಗಾರರಿಂದ ಬರೆಯಿಸುತ್ತಿದ್ದನು. ಪಕ್ಷಿಶಾಸ್ತ್ರದಲ್ಲಿ ಪ್ರಸಿದ್ಧರಾದ ಸಲೀಂ ಅಲಿಯವರು (1896–1987) ಮೊಗಲ ಬಾದಷಹರ ಪ್ರಕೃತಿವೀಕ್ಷಣೆಯನ್ನೇ ವಿಷಯವಾಗಿಟ್ಟುಕೊಂಡು ಲೇಖನಗಳನ್ನು ಬರೆದರೆಂದ ಮೇಲೆ ಅದರ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ.

ಪಟ್ಟವೇರಿದ ಮೂರನೆಯ ವರ್ಷದ ವೃತ್ತಾಂತದಲ್ಲಿ, ಎಂದರೆ 1608ರ ಸುಮಾರಿನಲ್ಲಿ, ಓರ್ಛಾದ ರಾಜಾ ಬೀರ್‌ಸಿಂಗ್ ದೇವನು ತನಗೆ ತೋರಿಸಲೆಂದು ಒಂದು ಬಿಳಿಯ ಚೀತಾ ಮೃಗವನ್ನು ತಂದನೆಂದು ಜಹಾಂಗೀರನು ಬರೆದಿರುವನು. ಅಂತಹುದನ್ನು ತಾನು ಹಿಂದೆ ಕಂಡಿರಲಿಲ್ಲವೆಂದು ಒಪ್ಪಿಕೊಂಡು, ತಾನು ಕಂಡಿರುವ ಇತರ ಬಿಳಿಯ ಜೀವಿಗಳ ಪಟ್ಟಿಯನ್ನೇ ಕೊಟ್ಟಿರುವನು. ಡೇಗೆ, ಗಿಡುಗ, ಗುಬ್ಬಿ, ಕಾಗೆ, ಕೌಜುಗ, ನವಿಲು ಮೊದಲಾದ ಪಕ್ಷಿಗಳು ಆ ಪಟ್ಟಿಯಲ್ಲಿವೆ. ಕೃಷ್ಣಮೃಗವೂ ಚಿಂಕಾರವೂ ಇವೆ. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಅವನು ಇದನ್ನು ಶಕುನವೆಂದಾಗಲಿ ತನ್ನ ಭಾಗ್ಯದ ಚಿಹ್ನೆಯೆಂದಾಗಲಿ ಇಲ್ಲಿ ವ್ಯಾಖ್ಯಾನಿಸುವುದಿಲ್ಲ. ಎರಡನೆಯದಾಗಿ, ಆ ಚೀತಾದ ಮೈ ಬಿಳಿದೆಂದು ಹೇಳಿ ಸುಮ್ಮನಾಗದೆ, ಕಪ್ಪಾಗಿರಬೇಕಾದ ಅದರ ಚುಕ್ಕೆಗಳು ನೀಲವಾಗಿದ್ದುವೆಂದೂ ಮೈಯ ಬಿಳುಪಿನಲ್ಲಿಯೂ ನೀಲಿಯ ಛಾಯೆಯಿದ್ದಿತೆಂದೂ ಸ್ಪಷ್ಟಪಡಿಸಿರುವನು. ಈ ಒಂದು ವಾಕ್ಯದಿಂದ, ಆ ಮೃಗದಲ್ಲಿ ಬಣ್ಣವು ಪೂರ್ತಿಯಾಗಿ ಅಳಿದಿರಲಿಲ್ಲ, ತೆಳುವಾಗಿದ್ದಿತೆಂದು ನಾವು ನಾಲ್ಕು ಶತಮಾನಗಳ ಮೇಲೆ ಊಹಿಸಬಲ್ಲೆವು. ಬಿಳಿಯ ಚೀತಾ ಎಂದಷ್ಟೇ ಬರೆದಿದ್ದರೆ ಅದು ಆಶ್ಚರ್ಯದ ಮಾತಾಗಿ ಉಳಿಯುತ್ತಿದ್ದಿತು. ಚುಕ್ಕೆಯ ಬಣ್ಣವನ್ನು ಬರೆದುದರಿಂದ ಅದು ಸಾಕ್ಷ್ಯವಾಯಿತು.

ಆದರೆ ಜಹಾಂಗೀರನು ಕಂಡ ಬಿಳಿಯ ಡೇಗೆಗಳಲ್ಲಿ ಅನೇಕವು ಅರಮನೆಯ ಪಂಜರಗಳಲ್ಲಿದ್ದುವು. ಬಾದಷಹನ ಬಳಿಗೆ ಅಪೂರ್ವವಾದುದೆಲ್ಲವೂ ತಾನಾಗಿಯೇ ಬಂದು ಸೇರುವುದು. ಕಾಡುಮೇಡಿನಲ್ಲಿ, ತನ್ನ ಬಳಗದ ನಡುವೆ, ಬಿಳಿಯ ಹಕ್ಕಿಯೊಂದು ಹುಟ್ಟಿದರೆ ಅದರ ಗತಿಯೇನೆಂಬುದನ್ನು ತಿಳಿಯಲು ನಾವು ಎರಡನೆಯ ಬರಹವನ್ನು ನೋಡಬೇಕು.

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೆಲ್‌ಬೋರ್ನ್ ಎಂಬುದೊಂದು ಹಳ್ಳಿ. ಅಲ್ಲಿ 1720ರಲ್ಲಿ ಹುಟ್ಟಿದ ಗಿಲ್ಬರ್ಟ್ ವೈಟನು ಆಕ್ಸ್‌ಫರ್ಡಿನಲ್ಲಿ ಓದಿ, ಪಾದ್ರಿಯಾಗಿ, ತನ್ನ ಆಯುಷ್ಯದ ಬಹುಭಾಗವನ್ನು ಆ ಹಳ್ಳಿಯಲ್ಲಿಯೇ ಕಳೆದು 1793ರಲ್ಲಿ ತೀರಿಕೊಂಡನು. ದೇಶಾಂತರಗಳನ್ನು ಸುತ್ತಿದವನಲ್ಲ, ದೊಡ್ಡ ಅಧಿಕಾರವನ್ನು ಪಡೆದವನಲ್ಲ. ತನ್ನ ಮನೆಯ ಸುತ್ತಲಿನ ಹಕ್ಕಿ, ಹುಳು, ಮರ, ಮಳೆಗಳನ್ನು ದಿನದಿನವೂ ನೋಡಿ ಬರೆದಿಡುವುದೇ ಅವನ ವ್ರತವಾಗಿದ್ದಿತು. ಥಾಮಸ್ ಪೆನೆಂಟ್, ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಅವನು ಬರೆದ ಪತ್ರಗಳು ಒಟ್ಟುಗೂಡಿ 1789ರ ಇಸವಿಯನ್ನು ಹೊತ್ತ ಗ್ರಂಥವಾಗಿ ಹೊರಬಂದುವು. ನೋಡುವುದಕ್ಕೆ ಒಂದೇ ಬಗೆಯಾಗಿ ಕಾಣುವ ಮೂರು ಪುಟ್ಟ ಹಕ್ಕಿಗಳನ್ನು ಅವುಗಳ ಕೂಗಿನ ಭೇದದಿಂದ ಮೂರು ಜಾತಿಗಳೆಂದು ಅವನು ಬೇರ್ಪಡಿಸಿದನೆಂದರೆ ಅವನ ಸಹನೆಯು ಎಂತಹುದೆಂಬುದನ್ನು ಅರಿಯಬಹುದು.

ಕ್ರಿ. ಶ. 1768ನೆಯ ಇಸವಿ ಮಾರ್ಚಿ ತಿಂಗಳ 30ನೆಯ ತಾರೀಖು ಪೆನೆಂಟನಿಗೆ ಬರೆದ ಪತ್ರದಲ್ಲಿ ವೈಟನು ತಿಳಿಸಿರುವ ಸಂಗತಿಯ ಸಾರಾಂಶವಿದು. ನೆರೆಯ ಗೃಹಸ್ಥನೊಬ್ಬನ ಮರಗಳಲ್ಲಿ ರೂಕ್ ಎಂಬ ಜಾತಿಯ ಕಾಗೆಗಳು ಗೂಡು ಕಟ್ಟಿದ್ದುವು. ಒಂದು ಗೂಡಿನಲ್ಲಿ ಎರಡು ಮರಿಗಳು ಹಾಲಿನಂತೆ ಬೆಳ್ಳಗಿದ್ದುವು. ಅವು ಇನ್ನೂ ಹಾರಲಾರದೆ ಇದ್ದಾಗ ಬುದ್ಧಿಗೇಡಿಯಾದ ಗಾಡಿಯಾಳೊಬ್ಬನು ಕಂಡು, ಕೆಳಕ್ಕೆಸೆದು ಕೊಂದುಹಾಕಿದನು. ಒಡೆಯನಿಗೆ ಬಹಳ ವ್ಯಸನವಾಯಿತು. ಅಂತಹ ವಿಚಿತ್ರವನ್ನು ತನ್ನ ತೋಪಿನಲ್ಲಿ ಉಳಿಸಿಕೊಳ್ಳಬೇಕೆಂದು ಅವನಿಗೆ ಆಸೆಯಿದ್ದಿತು. ಸತ್ತ ಮರಿಗಳನ್ನು ಕಣಜದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ವೈಟನು ತಾನೇ ಹೋಗಿ ಅವುಗಳನ್ನು ಕಂಡನು. ಕಂಡು, ಅವುಗಳ ಕೊಕ್ಕು, ಕಾಲು, ಪಾದ, ಉಗುರುಗಳು ಕೂಡ ಹಾಲುಬಿಳುಪಾಗಿದ್ದುದಕ್ಕೆ ಆಶ್ಚರ್ಯಪಟ್ಟನು.

ಗಾಡಿಯಾಳಿನ ಕೃತ್ಯವು ಕ್ರೂರವೇನೋ ಸರಿ; ಆದರೆ ಅದಕ್ಕೊಂದು ಹಿನ್ನೆಲೆಯುಂಟು. ರೂಕ್ ಕಾಗೆಗಳು ಹಿಂಡುಹಿಂಡಾಗಿ ಹೊಲಗಳಿಗೆ ಇಳಿದು ಬಿತ್ತನೆಯ ಕಾಳನ್ನು ತಿನ್ನುವುವು. ಎಂಟನೆಯ ಹೆನ್ರಿ ರಾಜನ ಕಾಲದಲ್ಲಿ, 1532–33ರಲ್ಲಿ, ಕಾಗೆಯ ಕುಲವನ್ನು ನಾಶಮಾಡಬೇಕೆಂದು ಒಂದು ಕಾಯಿದೆಯೇ ಆಗಿ, ಅವುಗಳನ್ನು ಹಿಡಿಯಲು ಹಳ್ಳಿಗಳವರು ಬಲೆಗಳನ್ನಿಟ್ಟುಕೊಳ್ಳಬೇಕೆಂದು ವಿಧಿಸಲಾಗಿದ್ದಿತು. ಬೆಳೆಗೆ ಶತ್ರುವೆನಿಸಿದ ಹಕ್ಕಿಗಳನ್ನು ಕೊಂದು ಗೋಡೆಗೆ ಹೊಡೆಯುವುದು ಅಲ್ಲಿಯ ರೂಢಿ. ಗಾಡಿಯಾಳಿನ ಕಣ್ಣಿಗೆ ಆ ಮರಿಗಳು ಬಿಳಿಯವಾದರೂ ಕಾಗೆಗಳೇ. ಅಥವಾ ಬಿಳಿಯವಾದುದರಿಂದಲೇ ಅವು ಅವನ ಕಣ್ಣಿಗೆ ಮೊದಲು ಬಿದ್ದಿರಬಹುದು. ಅಪೂರ್ವವಾದುದಕ್ಕೆ ಇದೇ ದೊಡ್ಡ ಅಪಾಯ: ಅದು ಯಾರ ಕಣ್ಣಿನಿಂದಲೂ ಮರೆಯಾಗಲಾರದು.

ವೈಟನ ವಾಕ್ಯದಲ್ಲಿ ಕೊಕ್ಕು ಮತ್ತು ಕಾಲುಗಳ ಮಾತು ಏಕೆ ಮುಖ್ಯವೆಂಬುದನ್ನು ವಿವರಿಸಬೇಕು. ಬಲಿತ ರೂಕ್ ಕಾಗೆಗೆ ಕೊಕ್ಕಿನ ಬುಡದಲ್ಲಿ ಗರಿಗಳುದುರಿ ಬೂದುಬಿಳುಪಾದ ಚರ್ಮವು ಕಾಣುವುದು. ಮರಿಯಲ್ಲಿ ಹಾಗಲ್ಲ, ಅಲ್ಲಿ ಕರಿಯ ಗರಿಗಳಿರುವುವು, ಕೊಕ್ಕೂ ಕಪ್ಪು. ಕಾಲುಗಳಂತೂ ಎಂದಿಗೂ ಕಪ್ಪೇ. ಆದುದರಿಂದ ಮರಿಯ ಕೊಕ್ಕು, ಕಾಲು, ಉಗುರುಗಳು ಬಿಳುಪಾಗಿದ್ದುವೆಂದರೆ, ಬಣ್ಣವು ಗರಿಯಿಂದ ಮಾತ್ರವಲ್ಲದೆ ಮೈಯ ಇತರ ಅಂಗಗಳಿಂದಲೂ ಮಾಯವಾಗಿದ್ದಿತೆಂದಾಯಿತು. ಬೇರೆಯವರು ಬಿಳಿಯ ಮರಿಗಳೆಂದು ಹೇಳಿ ಮುಗಿಸುತ್ತಿದ್ದರು. ವೈಟನು ಮೊಳೆಗೆ ನೇತಾಡುತ್ತಿದ್ದ ಹೆಣಗಳ ಮುಂದೆ ನಿಂತು ಉಗುರುಗಳನ್ನು ಸಹ ನೋಡಿದನು.

ಅದೇ ಪತ್ರದಲ್ಲಿ ಇನ್ನು ಮೂರು ಸಂಗತಿಗಳಿವೆ. ಅವನ್ನೂ ಇದರ ಜೊತೆಗಿಟ್ಟು ನೋಡಿದರೆ ಈ ಮನುಷ್ಯನ ವಿವೇಕವು ಪೂರ್ತಿಯಾಗಿ ತಿಳಿಯುವುದು. ಒಬ್ಬ ಕುರುಬನು ಆ ಚಳಿಗಾಲದಲ್ಲಿ ಗುಡ್ಡದ ಮೇಲೆ ಬಿಳಿಯ ಭರದ್ವಾಜಪಕ್ಷಿಗಳನ್ನು ಕಂಡಂತೆ ಭಾವಿಸಿದನು. ವೈಟನು ಕುರುಬನನ್ನು ಸುಳ್ಳುಗಾರನೆನ್ನಲಿಲ್ಲ. ಅವು ಉತ್ತರದ ಹಿಮಪ್ರದೇಶದಿಂದ ಚಳಿಗಾಲಕ್ಕೆ ಇಳಿದು ಬರುವ, ಸಹಜವಾಗಿಯೇ ಬಿಳುಪು ಹೆಚ್ಚಾಗಿರುವ ಬೇರೊಂದು ಜಾತಿಯವೆಂದು ಗುರುತಿಸಿದನು. ಕಣ್ಣು ಕಂಡುದು ಸರಿ, ಇಟ್ಟ ಹೆಸರು ಮಾತ್ರ ತಪ್ಪು ಎಂಬುದು ಅವನ ತೀರ್ಮಾನ. ಎರಡನೆಯದು, ಪಂಜರದಲ್ಲಿ ಸಾಕಿದ ಒಂದು ಕೆಂಪೆದೆಯ ಹಕ್ಕಿಯದು. ಅದು ವರ್ಷವರ್ಷಕ್ಕೂ ಕಪ್ಪೇರುತ್ತ ಬಂದು ನಾಲ್ಕು ವರ್ಷಗಳಲ್ಲಿ ಇದ್ದಲಿನಂತಾಯಿತು. ಅದರ ಮುಖ್ಯಾಹಾರವು ಸೆಣಬಿನ ಜಾತಿಯ ಒಂದು ಬೀಜವಾಗಿದ್ದುದರಿಂದ, ಪ್ರಾಣಿಗಳ ಬಣ್ಣದ ಮೇಲೆ ಆಹಾರದ ಪ್ರಭಾವವು ಇಷ್ಟಿರುವುದೆಂದು ಅವನು ಬರೆದನು. ಮೂರನೆಯದು, ಆ ಪ್ರಾಂತದಲ್ಲಿ ಮುಂಗುಸಿಯಂತಹ ಒಂದು ಸಣ್ಣ ಕೆಂಬಣ್ಣದ ಪ್ರಾಣಿಯಿದೆಯೆಂದು ಬುದ್ಧಿವಂತರಾದ ಹಳ್ಳಿಗರು ಹೇಳುವ ಮಾತು. ಈ ವಾರ್ತೆಯನ್ನು ಹೆಚ್ಚಾಗಿ ನಂಬುವಂತಿಲ್ಲ, ಆದರೂ ಇನ್ನಷ್ಟು ವಿಚಾರಿಸಬಹುದೆಂದು ಅವನು ಬರೆದು ಬಿಟ್ಟಿರುವನು. ನಂಬಲೂ ಇಲ್ಲ, ನಗಲೂ ಇಲ್ಲ, ವಿಚಾರಿಸೋಣವೆಂದನು. ಈ ಮೂರನೆಯ ಮಾರ್ಗವು ಎಲ್ಲರಿಗೂ ಸುಲಭವಲ್ಲ.

ಇನ್ನು ಬಿಳುಪಿನ ಕಾರಣವನ್ನು ಇಂದಿನ ಶಾಸ್ತ್ರವು ಹೇಗೆ ನಿರೂಪಿಸುವುದೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಕಾಗೆಯ ಕಪ್ಪು ಮೆಲನಿನ್ ಎಂಬ ವರ್ಣದ್ರವ್ಯದಿಂದಾದುದು. ಶರೀರವು ಅದನ್ನು ತಯಾರಿಸುವುದಕ್ಕೆ ಟೈರೊಸಿನೇಸ್ ಎಂಬ ಒಂದು ಕಿಣ್ವವು ಬೇಕು. ಹುಟ್ಟಿನಿಂದಲೇ ಆ ಕಿಣ್ವವು ಕೆಲಸಮಾಡದಿದ್ದರೆ ಮೆಲನಿನ್ ಎಲ್ಲಿಯೂ ಉಂಟಾಗುವುದಿಲ್ಲ; ಗರಿ, ಕೊಕ್ಕು, ಕಾಲುಗಳಲ್ಲಿಲ್ಲ, ಕಣ್ಣಿನಲ್ಲಿಯೂ ಇಲ್ಲ. ಅಂತಹ ಜೀವಿಗೆ ಆಲ್ಬಿನೋ ಎಂದು ಹೆಸರು. ಕಣ್ಣಿನಲ್ಲಿ ಬಣ್ಣವಿಲ್ಲದುದರಿಂದ ಒಳಗಿನ ರಕ್ತವೇ ತೋರಿ ಕಣ್ಣು ಕೆಂಪಾಗಿ ಕಾಣುವುದು. ಇದು ರೋಗವಾಗಿ ಅಂಟುವುದಲ್ಲ, ವಂಶದಲ್ಲಿ ಗುಪ್ತವಾಗಿ ಹರಿದುಬರುವ ನ್ಯೂನತೆ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡನು 1908ರಲ್ಲಿ ತನ್ನ ಉಪನ್ಯಾಸಗಳಲ್ಲಿ ಮನುಷ್ಯರ ಆಲ್ಬಿನೋತನವನ್ನು ಇಂತಹ ಜನ್ಮಸಿದ್ಧ ನ್ಯೂನತೆಗಳ ಗಣಕ್ಕೆ ಸೇರಿಸಿದನು. ನೋಡುವುದಕ್ಕೆ ಕಪ್ಪಾಗಿಯೇ ಇರುವ ತಂದೆತಾಯಿಗಳಿಬ್ಬರೂ ಈ ಗುಣವನ್ನು ಒಳಗೆ ಹೊತ್ತಿದ್ದರೆ, ಅವರ ಸಂತಾನದಲ್ಲಿ ಸರಾಸರಿ ನಾಲ್ಕರಲ್ಲೊಂದು ಬಿಳುಪಾಗಿ ಹುಟ್ಟುವುದೆಂದು ಮೆಂಡೆಲನ ನಿಯಮದಿಂದ ತಿಳಿಯುವುದು. ಒಂದೇ ಗೂಡಿನಲ್ಲಿ ಎರಡು ಬಿಳಿಯ ಮರಿಗಳಿದ್ದುವೆಂಬ ವೈಟನ ಮಾತು ಈ ನಿಯಮಕ್ಕೆ ಹೊಂದಿಕೊಳ್ಳುವುದು. ಮೆಂಡೆಲನ ಪ್ರಬಂಧವು ಅಚ್ಚಾದುದು 1866ರಲ್ಲಿ, ಎಂದರೆ ವೈಟನ ಪತ್ರವಾದ 98 ವರ್ಷಗಳ ಮೇಲೆ.

ಬಿಳಿಯ ಹಕ್ಕಿಗಳೆಲ್ಲವೂ ಆಲ್ಬಿನೋಗಳಲ್ಲ. ವಸ್ತುಸಂಗ್ರಹಾಲಯದಲ್ಲಿ ಪಕ್ಷಿಸಂಗ್ರಹಗಳ ಕೆಲಸ ಮಾಡಿದ ಹೈನ್ ವಾನ್ ಗ್ರೌ ಎಂಬ ವಿದ್ವಾಂಸನು 2006ರಲ್ಲಿ ಒಂದು ಲೇಖನವನ್ನು ಬರೆದು ಈ ಗೊಂದಲವನ್ನು ಬಿಡಿಸಿದನು. ಕೆಲವು ಹಕ್ಕಿಗಳಲ್ಲಿ ವರ್ಣದ್ರವ್ಯದ ಕಣಗಳು ಗರಿಗಳಿಗೆ ತಲುಪುವುದೇ ಇಲ್ಲ. ಗರಿ ಬಿಳುಪು, ಆದರೆ ಕಣ್ಣು ಕಪ್ಪು. ಇದಕ್ಕೆ ಲ್ಯೂಸಿಸಂ ಎಂದು ಹೆಸರು. ಕೆಲವುಗಳಲ್ಲಿ ಕಪ್ಪು ಸರಿಯಾಗಿ ಪಕ್ವವಾಗದೆ ಕಂದಾಗಿ, ಬಿಸಿಲಿಗೆ ಮಾಸಿ ಬಿಳುಪಾಗುವುದು. ಪಟ್ಟಣದ ಕಾಗೆಗಳ ರೆಕ್ಕೆಯಲ್ಲಿ ಅಲ್ಲಲ್ಲಿ ಕಾಣುವ ಬಿಳಿಯ ಗರಿಗಳು ಅನೇಕವೇಳೆ ಪುಷ್ಟಿಯಿಲ್ಲದ ಆಹಾರದ ಫಲ. ಆಹಾರವು ಬಣ್ಣವನ್ನು ಕೆಡಿಸಬಲ್ಲುದೆಂಬ ವೈಟನ ಊಹೆಯು ಇಷ್ಟರಮಟ್ಟಿಗೆ ನಿಜವಾಯಿತು. ಮತ್ತೆ ಆಲ್ಬಿನೋ ಹಕ್ಕಿಗಳೆಲ್ಲವೂ ಬಿಳಿಯವೂ ಅಲ್ಲ. ನಮ್ಮ ಹಸುರು ಗಿಳಿಯಲ್ಲಿ ಮೆಲನಿನ್ ಅಳಿದರೆ ಅದು ಬಿಳುಪಾಗದೆ, ಕೆಂಗಣ್ಣಿನ ಹಳದಿಯ ಗಿಳಿಯಾಗುವುದು. ಅದರ ಹಳದಿಯು ಬೇರೊಂದು ವರ್ಣದ್ರವ್ಯದಿಂದಾದುದು. ನಮ್ಮ ತೋಟಗಳಲ್ಲಿ ಕರಿಯ ತಲೆ, ಬಿಳಿಯ ಮೈ, ನೀಳವಾದ ಬಿಳಿಯ ಬಾಲದ ಗರಿಗಳಿಂದ ಹಾರಾಡುವ ಒಂದು ಸುಂದರವಾದ ಹಕ್ಕಿಯಿದೆ. ಅದು ಆ ಜಾತಿಯ ಬಲಿತ ಗಂಡಿನ ಸಹಜವರ್ಣವೇ ಹೊರತು ವಿಕಾರವಲ್ಲ.

ನಿಜವಾದ ಆಲ್ಬಿನೋ ಹಕ್ಕಿಯು ಸ್ವೇಚ್ಛೆಯಾಗಿ ಬದುಕಿರುವುದನ್ನು ಕಾಣುವುದು ಏಕೆ ದುರ್ಲಭವೆಂದರೆ, ಅದು ಹುಟ್ಟುವುದಕ್ಕಿಂತ ಉಳಿಯುವುದು ಕಷ್ಟ. ಬಣ್ಣವಿಲ್ಲದ ಕಣ್ಣು ಬೆಳಕನ್ನು ತಡೆಯಲಾರದು, ದೂರವನ್ನು ಸರಿಯಾಗಿ ಅಳೆಯಲಾರದು. ಗೂಡಿನಲ್ಲಿ ತಾಯಿಯು ಉಣಿಸುವಷ್ಟು ಕಾಲ ಬದುಕಿ, ತಾನಾಗಿ ಹಾರಿ ಆಹಾರ ಹುಡುಕಬೇಕಾದಾಗ ಅವುಗಳಲ್ಲಿ ಬಹುಪಾಲು ಸಾಯುವುವು. ಮೆಲನಿನ್ ಇಲ್ಲದ ಗರಿಯು ಬೇಗ ಸವೆಯುವುದು. ಆದುದರಿಂದ, ಬಲಿತು ವರ್ಷಗಟ್ಟಲೆ ಹಾರಾಡುತ್ತಿರುವ ಬಿಳಿಯ ಕಾಗೆಯನ್ನು ಕಂಡರೆ ಅದು ಆಲ್ಬಿನೋ ಅಲ್ಲದಿರುವುದೇ ಹೆಚ್ಚು ಸಂಭವ.

ಇಷ್ಟನ್ನು ತಿಳಿದುಕೊಂಡು ವೈಟನ ಮರಿಗಳ ಕಡೆಗೆ ತಿರುಗಿದರೆ ಒಂದು ಕೊರತೆಯು ಕಾಣುವುದು. ಕೊಕ್ಕನ್ನು ಬರೆದನು, ಕಾಲನ್ನು ಬರೆದನು, ಉಗುರನ್ನೂ ಬರೆದನು. ಕಣ್ಣಿನ ಬಣ್ಣವನ್ನು ಬರೆಯಲಿಲ್ಲ. ಆಲ್ಬಿನೋ ಹೌದೆ ಅಲ್ಲವೆ ಎಂಬುದನ್ನು ತೀರ್ಮಾನಿಸುವುದು ಕಣ್ಣೇ. ಇದು ವೈಟನ ದೋಷವಲ್ಲ. ಅವನು ನೋಡಿದುದು ಗೋಡೆಗೆ ಹೊಡೆದ ಹೆಣಗಳನ್ನು. ಸತ್ತ ಹಕ್ಕಿಯಲ್ಲಿ ಮೊದಲು ಕೆಡುವುದು ಕಣ್ಣು. ಗಾಡಿಯಾಳು ಎರಡು ಮರಿಗಳನ್ನು ಮಾತ್ರವಲ್ಲ, ಒಂದು ಪ್ರಶ್ನೆಯ ಉತ್ತರವನ್ನೂ ನೆಲಕ್ಕೆ ಎಸೆದನು. ನಮ್ಮಲ್ಲಿ ಕಾಗೆಯ ಕಣ್ಣಿಗೆ ಹಿಂದಿನಿಂದಲೂ ಪ್ರಸಿದ್ಧಿಯುಂಟು. ಒಂದೇ ಗುಡ್ಡೆಯು ಎರಡು ಕಡೆಗೂ ತಿರುಗುವುದೆಂಬ ನಂಬಿಕೆಯ ಮೇಲೆ ಕಾಕಾಕ್ಷಿಗೋಲಕನ್ಯಾಯವು ಹುಟ್ಟಿದೆ. ಶಾಸ್ತ್ರವನ್ನು ಹೇಳುವಾಗ ಆ ನ್ಯಾಯವನ್ನು ಎಷ್ಟೋ ಸಲ ಉದಾಹರಿಸಿರುವೆನು. ಆದರೆ ಕಾಗೆಯ ಕಣ್ಣಿನ ಬಣ್ಣವೇನೆಂದು ನಿಂತು ನೋಡಿದವನು ನಾನಲ್ಲ. ಈ ತಪ್ಪೊಪ್ಪಿಗೆಗೆ ಕಾರಣವಾದ ಒಂದು ಸಂಗತಿಯನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ನ್ಯಾಯವಲ್ಲ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆನು. ಒಂದು ದಿನ, ಇರುವುದು, ಇಲ್ಲದುದು ಎಂಬ ವಿಷಯವು ಬಂದಾಗ, ಇಲ್ಲದುದಕ್ಕೆ ಬಿಳಿಯ ಕಾಗೆಯನ್ನು ಉದಾಹರಣೆಯಾಗಿ ಕೊಟ್ಟೆನು. ಕುರಿ ಕಾಯುವವರ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ನಮ್ಮ ಹಟ್ಟಿ ಬೇಲಿ ಮೇಲೆ ಬಿಳೀ ಕಾಗೆ ಕೂತಿತ್ತು, ನಾನು ನೋಡಿದೀನಿ” ಎಂದನು. ಕೊಕ್ಕರೆಯನ್ನು ನೋಡಿರಬೇಕೆಂದೆನು. “ಕೊಕ್ಕರೆ ಅಲ್ಲ ಮೇಷ್ಟ್ರೇ, ಕಾಗೆಗಳ ಜೊತೇಲೇ ಇತ್ತು. ಮರಿ. ಸರಿಯಾಗಿ ಹಾರೋಕೆ ಬರ್ತಿರಲಿಲ್ಲ. ಕಣ್ಣು ಕೆಂಪಗಿತ್ತು” ಎಂದನು. ಕಣ್ಣು ಕೆಂಪೆಂದುದೇ ನನಗೆ ಅವನು ಸುಳ್ಳು ಹೇಳುತ್ತಿರುವನೆಂಬುದಕ್ಕೆ ನಿದರ್ಶನವಾಗಿ ತೋರಿತು. ಸುಳ್ಳಿಗೆ ಬಣ್ಣ ಕಟ್ಟುವೆಯಾ ಎಂದು ಗದರಿ, ಗಂಟೆ ಹೊಡೆಯುವ ವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆನು. ತರಗತಿಯೆಲ್ಲ ನಕ್ಕಿತು. ಹಟ್ಟಿಯು ಶಾಲೆಯಿಂದ ಅರ್ಧ ಮೈಲಿಯೂ ಇರಲಿಲ್ಲ. ಸಂಜೆ ನಡೆದುಹೋಗಿ ನೋಡಬಹುದಾಗಿದ್ದಿತು. ನಾನು ಹೋಗಲಿಲ್ಲ. ಆ ಹುಡುಗನು ಆಮೇಲೆ ಆ ವರ್ಷವೆಲ್ಲ ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ.

ಗೌತಮರ ನ್ಯಾಯಸೂತ್ರಗಳು ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಹೇಳುವುವು. ಆಪ್ತನು ಯಾರೆಂಬುದಕ್ಕೆ ಭಾಷ್ಯಕಾರರಾದ ವಾತ್ಸ್ಯಾಯನರು ಲಕ್ಷಣವನ್ನು ಕೊಟ್ಟಿರುವರು. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದು. ಪಾಠಶಾಲೆಯಲ್ಲಿ ಈ ಭಾಗವನ್ನು ನಾನು ಒಪ್ಪಿಸಿ ಮೆಚ್ಚುಗೆಯನ್ನು ಪಡೆದವನು. ಈ ಲಕ್ಷಣದ ಪ್ರಕಾರ ಜಹಾಂಗೀರನು ಆಪ್ತನು, ಗಿಲ್ಬರ್ಟ್ ವೈಟನು ಆಪ್ತನು, ವೈಟನು ಯಾರ ಮಾತನ್ನು ತಳ್ಳಿಹಾಕಲಿಲ್ಲವೋ ಆ ಕುರುಬನೂ ಆಪ್ತನು. ನನ್ನ ಮುಂದೆ ನಿಂತಿದ್ದ ಹುಡುಗನು ಕೂಡ ಆಪ್ತನಾಗಿದ್ದನು. ವೈಟನ ಪತ್ರದಲ್ಲಿಲ್ಲದ ಒಂದು ಅಂಶವನ್ನು ಅವನು ಬಾಯಾರೆ ಹೇಳಿದನು: ಕಣ್ಣು ಕೆಂಪೆಂದನು. ಹಾರಲು ಬಾರದ ಮರಿಯೆಂದೂ ಹೇಳಿದನು. ಕಲ್ಪಿಸಿ ಹೇಳುವ ಹುಡುಗನು ಇಂತಹ ವಿವರಗಳನ್ನು ಎಲ್ಲಿಂದ ತಂದಾನು? ಬಹು ವರ್ಷಗಳ ಮೇಲೆ ವೈಟನ ಪತ್ರಗಳನ್ನೂ ಆಲ್ಬಿನೋ ಹಕ್ಕಿಗಳ ವಿವರಣೆಯನ್ನೂ ಓದಿದಂದು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು. ನ್ಯಾಯಶಾಸ್ತ್ರವು ನನಗೆ ಬಾಯಿಪಾಠವಾಗಿದ್ದಿತು, ನ್ಯಾಯವು ಬಾಯಿಪಾಠವಾಗಿರಲಿಲ್ಲ.

ವಾಚಕರಲ್ಲಿ ಹೊಲಗದ್ದೆಗಳಿರುವವರೂ ಮಕ್ಕಳಿಗೆ ಪಾಠ ಹೇಳುವವರೂ ಅನೇಕರಿರುವರು. ಎಂದಾದರೂ ಒಂದು ದಿನ ಬಿಳಿಯ ಕಾಗೆಯೋ ಬಿಳಿಯ ಗುಬ್ಬಿಯೋ ಬಿಳಿಯ ಮೈನಾ ಹಕ್ಕಿಯೋ ಅವರ ಕಣ್ಣಿಗೆ ಬೀಳಬಹುದು. ಅದು ಶಕುನವಲ್ಲ, ಅದಕ್ಕೆ ಶಾಂತಿ ಮಾಡಿಸಬೇಕಾಗಿಲ್ಲ. ಹಿಡಿದು ಪಂಜರದಲ್ಲಿಡುವುದಾಗಲಿ ಕಲ್ಲೆಸೆಯುವುದಾಗಲಿ ಬೇಡ; ಅದರ ಆಯುಷ್ಯವು ಮೊದಲೇ ಅಲ್ಪವಾದುದು. ದೂರದಲ್ಲಿ ನಿಂತು ನೋಡಿ, ಮನೆಗೆ ಬಂದು, ಊರು, ತಾರೀಖು, ಹೊತ್ತುಗಳನ್ನು ಬರೆದಿಟ್ಟುಕೊಳ್ಳಬೇಕು. ಗರಿಯೆಲ್ಲವೂ ಬಿಳುಪೋ, ಕೆಲವು ಮಾತ್ರವೋ. ಕೊಕ್ಕು ಯಾವ ಬಣ್ಣ, ಕಾಲು ಯಾವ ಬಣ್ಣ. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣು ಯಾವ ಬಣ್ಣ. ಕಾಣದುದನ್ನು ಕಾಣಲಿಲ್ಲವೆಂದೇ ಬರೆಯಬೇಕು. ಇಷ್ಟು ಮಾಡಿದರೆ ಹಳ್ಳಿಯ ರೈತನ ಬರಹವೂ ಬಾದಷಹನ ಬರಹಕ್ಕೆ ಸಮನಾಗುವುದು.

ವೈಟನು ಬ್ಯಾರಿಂಗ್ಟನನಿಗೆ ಬರೆದ ಇನ್ನೊಂದು ಪತ್ರದಲ್ಲಿ ಇದೇ ರೂಕ್ ಕಾಗೆಗಳ ಮಾತು ಬಂದಿದೆ. ಸಂಜೆಯಾದಾಗ ಅವು ಸಾವಿರಗಟ್ಟಲೆಯಾಗಿ ಕೂಡಿ ಆಕಾಶದಲ್ಲಿ ಸುತ್ತುತ್ತ, ದೂರಕ್ಕೆ ಇಂಪಾಗಿ ಕೇಳುವಂತೆ ಕೂಗುತ್ತ ಕಾಡಿಗೆ ಮರಳುವುವಂತೆ. ಪುಟ್ಟ ಬಾಲೆಯೊಬ್ಬಳು ಮಲಗುವ ಹೊತ್ತಿನಲ್ಲಿ ಆ ಸದ್ದನ್ನು ಕೇಳಿ, ಕಾಗೆಗಳು ಪ್ರಾರ್ಥನೆ ಮಾಡುತ್ತಿವೆಯೆಂದು ಹೇಳುತ್ತಿದ್ದಳಂತೆ. ಆ ಮಾತು ಶಾಸ್ತ್ರವಲ್ಲ. ಆದರೂ ಆ ವಿದ್ವಾಂಸನು ಅದಕ್ಕಾಗಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ; ಅವಳ ಮಾತನ್ನು ತನ್ನ ಪತ್ರದಲ್ಲಿ ಬರೆದಿಟ್ಟನು, ಅದು ಇಂದಿಗೂ ಉಳಿದಿದೆ. ನನ್ನ ಹುಡುಗನ ಮಾತನ್ನು ಅಂದು ಯಾರೂ ಬರೆದಿಡಲಿಲ್ಲ. ಅವನು ಈಗ ಎಲ್ಲಿರುವನೋ ಅರಿಯೆನು, ಐವತ್ತರ ಹತ್ತಿರದವನಾಗಿರಬೇಕು. ಅವನ ಸಾಕ್ಷ್ಯವನ್ನು ಇಷ್ಟು ತಡವಾಗಿಯಾದರೂ ಈ ಪತ್ರಿಕೆಯಲ್ಲಿ ದಾಖಲೆ ಮಾಡುತ್ತಿರುವೆನು: ಹಟ್ಟಿಯ ಬೇಲಿಯ ಮೇಲೆ, ಕಾಗೆಗಳ ನಡುವೆ, ಒಂದು ಬಿಳಿಯ ಕಾಗೆಯ ಮರಿ, ಸರಿಯಾಗಿ ಹಾರಲು ಬಾರದು, ಕಣ್ಣು ಕೆಂಪು. ಕಂಡವನು ಆಪ್ತನು.